ನಿಮಿರುವಿಕೆ, ವೀರ್ಯಾಣು, ಟೆಸ್ಟೋಸ್ಟೆರಾನ್: ಮೂರೂ ಒಂದೇ ಅಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಗಂಡಸರ ಲೈಂಗಿಕ ಆರೋಗ್ಯದ ಬಗ್ಗೆ. ಓದುತ್ತಾ ಹೋದಂತೆ ಒಂದು ಗೊಂದಲ ಎದ್ದು ಕಂಡಿತು. ನಿಮಿರುವಿಕೆ, ವೀರ್ಯಾಣು, ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು, ಈ ಮೂರನ್ನೂ ಜನ ಒಂದೇ ಎಂದುಕೊಂಡಿದ್ದಾರೆ. ದೇಹದಲ್ಲಿ ಈ ಮೂರಕ್ಕೂ ಬೇರೆ ಬೇರೆ ರಾಸಾಯನಿಕ ದಾರಿಗಳಿವೆ. ಒಂದು ಕೆಟ್ಟಾಗ ಇನ್ನೊಂದಕ್ಕೆ ಔಷಧಿ ತೆಗೆದುಕೊಂಡರೆ ದುಡ್ಡೂ ಹೋಗುತ್ತದೆ, ಕೆಲವೊಮ್ಮೆ ಇರುವ ಆರೋಗ್ಯವೂ ಹೋಗುತ್ತದೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪ್ರಶ್ನೆ: ನನಗೆ 47 ವರ್ಷ, 8 ವರ್ಷದಿಂದ ಷುಗರ್ ಇದೆ. ಒಂದು ವರ್ಷದಿಂದ ನಿಮಿರುವಿಕೆ ಸರಿಯಾಗಿ ಆಗುತ್ತಿಲ್ಲ. ನಾಚಿಕೆಯಿಂದ ಯಾರಿಗೂ ಹೇಳಿಲ್ಲ. ಷುಗರ್ ಮಾತ್ರೆಯಿಂದ ಹೀಗಾಯ್ತಾ? ಮಾತ್ರೆ ನಿಲ್ಲಿಸಲೇ? (ದಾವಣಗೆರೆ)

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ತೊಂದರೆ ಮಾತ್ರೆಯದ್ದಲ್ಲ, ಷುಗರ್‌ನದ್ದೇ ಆಗಿರುವ ಸಾಧ್ಯತೆ ಜಾಸ್ತಿ. ಮಾತ್ರೆ ಬಿಟ್ಟರೆ ಇನ್ನೂ ಬೇಗ ಕೆಡುತ್ತದೆ.

ನಿಮಿರುವಿಕೆ ಎಂದರೆ ರಕ್ತ ತುಂಬಿ ನಿಲ್ಲುವ ಕೆಲಸ. ಶಿಶ್ನದ ಒಳಗೆ ಉದ್ದಕ್ಕೂ ಚಿಕ್ಕ ಚಿಕ್ಕ ಗೂಡುಗಳಿವೆ. ಗೂಡುಗಳ ಗೋಡೆಯಲ್ಲಿ ನಮ್ಮ ಹಿಡಿತಕ್ಕೆ ಸಿಗದ ಸ್ನಾಯು ಇದೆ. ಸುಮ್ನೆ ಇರುವಾಗ ಈ ಸ್ನಾಯು ಬಿಗಿಯಾಗಿರುತ್ತದೆ, ಆದ್ದರಿಂದ ಒಳಗೆ ಹೆಚ್ಚು ರಕ್ತ ಹೋಗುವುದಿಲ್ಲ. ಸ್ನಾಯು ಸಡಿಲವಾದಾಗ ಮಾತ್ರ ರಕ್ತ ನುಗ್ಗುತ್ತದೆ. ತುಂಬಿದ ಗೂಡುಗಳು ಹೊರಗಿನ ಗಟ್ಟಿ ಪೊರೆಗೆ ಒತ್ತಿಕೊಂಡಾಗ ರಕ್ತ ವಾಪಸ್ ಹೋಗುವ ನಾಳಗಳು ಮುಚ್ಚಿಕೊಳ್ಳುತ್ತವೆ. ಅಂದರೆ ಸ್ನಾಯು ಸಡಿಲವಾದರೆ ಅಂಗ ಗಟ್ಟಿಯಾಗುತ್ತದೆ. ಬಹಳ ಜನ ಇದನ್ನು ತಿರುವುಮುರುವಾಗಿ ತಿಳಿದಿದ್ದಾರೆ.

ಈ ಸ್ನಾಯುವನ್ನು ಸಡಿಲ ಮಾಡುವುದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ. ಇದು ಪತ್ತೆಯಾದ ಕತೆಯಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಫರ್ಚ್‌ಗಾಟ್ ಎಂಬ ವಿಜ್ಞಾನಿ ಮೊಲದ ದೊಡ್ಡ ರಕ್ತನಾಳದ ತುಂಡುಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಅಸಿಟೈಲ್‌ಕೋಲಿನ್ ಹಾಕಿದರೆ ಕೆಲವು ತುಂಡುಗಳು ಸಡಿಲವಾಗುತ್ತಿದ್ದವು, ಕೆಲವು ಬಿಗಿಯಾಗುತ್ತಿದ್ದವು. ಅದೇ ಮೊಲ, ಅದೇ ರಾಸಾಯನಿಕ. ಕಾರಣ ಹುಡುಕಿದಾಗ ಗೊತ್ತಾದದ್ದು ಇಷ್ಟು: ಬಿಗಿಯಾಗುತ್ತಿದ್ದ ತುಂಡುಗಳಲ್ಲಿ ನಾಳದ ಒಳಮೈ ಉಜ್ಜಿ ಹೋಗಿತ್ತು. ಆ ಒಳಮೈಯಲ್ಲಿರುವುದು ಒಂದೇ ಒಂದು ಪದರದ ಜೀವಕಣಗಳು. ಸಡಿಲವಾಗು ಎಂಬ ಸೂಚನೆ ಹೊರಡುವುದು ಅಲ್ಲಿಂದಲೇ ಎಂದು ಅವರು 1980ರಲ್ಲಿ ಪ್ರಕಟಿಸಿದರು. ಆ ಸೂಚನೆ ನೈಟ್ರಿಕ್ ಆಕ್ಸೈಡೇ ಇರಬೇಕೆಂದು 1986ರಲ್ಲಿ ಅವರೂ ಲೂಯಿ ಇಗ್ನಾರೋ ಅವರೂ ಬೇರೆ ಬೇರೆಯಾಗಿ ಹೇಳಿದರು. ಮನುಷ್ಯರ ಶಿಶ್ನದ ಅಂಗಾಂಶದಲ್ಲೂ ಇದೇ ನಡೆಯುತ್ತದೆ ಎಂದು ಇಗ್ನಾರೋ ಅವರ ತಂಡ 1992ರಲ್ಲಿ ತೋರಿಸಿತು. 1998ರಲ್ಲಿ ಇವರಿಬ್ಬರ ಜೊತೆ ಫೆರಿದ್ ಮುರಾದ್ ಅವರಿಗೂ ನೊಬೆಲ್ ಬಂತು.

ಬಹಳ ದಿನ ಹತೋಟಿಯಲ್ಲಿಲ್ಲದ ಷುಗರ್ ಹಾಳು ಮಾಡುವುದು ಇದೇ ಒಳಪದರವನ್ನು. ನೈಟ್ರಿಕ್ ಆಕ್ಸೈಡ್ ತಯಾರಾಗುವುದು ಕಡಿಮೆ ಆಗುತ್ತದೆ, ತಯಾರಾದದ್ದೂ ಬೇಗ ನಾಶವಾಗುತ್ತದೆ. ಅದನ್ನು ಬಿಡುಗಡೆ ಮಾಡುವ ನರಗಳಿಗೂ ಪೆಟ್ಟು ಬೀಳುತ್ತದೆ. ಬಿಪಿ, ಕೊಲೆಸ್ಟರಾಲ್, ಸಿಗರೇಟು ಕೂಡ ಇದೇ ಜಾಗಕ್ಕೆ ಕೈ ಹಾಕುತ್ತವೆ.

ಇನ್ನೊಂದು ಮಾತು. ಇದನ್ನು ನೀವು ಗಂಭೀರವಾಗಿ ತೆಗೆದುಕೊಳ್ಳಲೇಬೇಕು. ಶಿಶ್ನಕ್ಕೆ ಹೋಗುವ ರಕ್ತನಾಳಗಳ ಅಗಲ 1ರಿಂದ 2 ಮಿಲಿಮೀಟರ್. ಹೃದಯದ ನಾಳಗಳು 3ರಿಂದ 4 ಮಿಲಿಮೀಟರ್. ಕಾಯಿಲೆ ಎರಡೂ ಕಡೆ ಒಟ್ಟಿಗೇ ಬೆಳೆಯುತ್ತದೆ, ಆದರೆ ಚಿಕ್ಕ ನಾಳದಲ್ಲಿ ಮೊದಲು ಗೊತ್ತಾಗುತ್ತದೆ. ಎಷ್ಟೋ ಜನರಲ್ಲಿ ಎದೆನೋವು ಬರುವುದಕ್ಕೆ ಎರಡು ಮೂರು ವರ್ಷ ಮೊದಲೇ ನಿಮಿರುವಿಕೆ ಕುಂದಿರುತ್ತದೆ. ಹಾಗಾಗಿ ಈ ವಾರವೇ ನಿಮ್ಮ ಷುಗರ್ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಷುಗರ್), ಕೊಲೆಸ್ಟರಾಲ್, ಬಿಪಿ, ಇಸಿಜಿ, ಬೆಳಗಿನ ಟೆಸ್ಟೋಸ್ಟೆರಾನ್ ನೋಡಬೇಕೆಂದು ಕೇಳಿ. ನಾಚಿಕೆ ಬೇಡ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 40ರಿಂದ 70 ವರ್ಷದ ಗಂಡಸರನ್ನು ವಿಚಾರಿಸಿದಾಗ ಶೇ 52 ಮಂದಿಗೆ ಒಂದಲ್ಲ ಒಂದು ಮಟ್ಟದಲ್ಲಿ ಈ ತೊಂದರೆ ಇತ್ತು. ನೀವು ಒಬ್ಬರೇ ಅಲ್ಲ.

ಪ್ರಶ್ನೆ: ಮದುವೆಯಾಗಿ ನಾಲ್ಕು ತಿಂಗಳು, ವಯಸ್ಸು 28. ಬೆಳಿಗ್ಗೆ ಏಳುವಾಗ ನಿಮಿರುವಿಕೆ ಚೆನ್ನಾಗಿರುತ್ತದೆ. ಹೆಂಡತಿಯ ಜೊತೆ ಇರುವಾಗ ಮಾತ್ರ ಕೈಕೊಡುತ್ತದೆ. ನರ ದೌರ್ಬಲ್ಯವಾ? (ಮೈಸೂರು)

ಉತ್ತರ: ಬೆಳಿಗ್ಗೆ ಸರಿಯಾಗಿದೆ ಅಂದರೆ ನಾಳ, ನರ, ಹಾರ್ಮೋನು ಎಲ್ಲ ಬಹುಮಟ್ಟಿಗೆ ಸರಿಯಾಗಿವೆ ಎಂದೇ ಅರ್ಥ. ಇಲ್ಲಿ ಅಡ್ಡ ಬರುತ್ತಿರುವುದು ಗಾಬರಿ. ‘ಇವತ್ತೂ ಆಗದಿದ್ದರೆ?’ ಎಂದು ಯೋಚಿಸಿದ ಕೂಡಲೇ ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಹೊರಬರುತ್ತದೆ. ಅದು ಆ ಸ್ನಾಯುವನ್ನು ಬಿಗಿ ಮಾಡುವ ರಾಸಾಯನಿಕ, ನೈಟ್ರಿಕ್ ಆಕ್ಸೈಡ್‌ಗೆ ನೇರ ಎದುರಾಳಿ. ಕನಸು ಬೀಳುವ ನಿದ್ದೆಯಲ್ಲಿ ಇದರ ಹರಿವು ತಗ್ಗಿರುತ್ತದೆ, ಅದಕ್ಕೇ ಬೆಳಿಗ್ಗೆ ತೊಂದರೆ ಇಲ್ಲ. ಕೆಲವು ವಾರ ಸಂಭೋಗ ಮಾಡಲೇಬೇಕೆಂಬ ಹಟ ಬಿಟ್ಟು ಬರೀ ಸನಿಹದಲ್ಲಿರಿ. ಹೆಂಡತಿಗೆ ವಿಷಯ ಹೇಳಿ, ಇಲ್ಲದಿದ್ದರೆ ಅವರು ತಮ್ಮಲ್ಲೇ ಏನೋ ಕೊರತೆ ಎಂದುಕೊಂಡು ಕೊರಗುತ್ತಾರೆ. ಆಮೇಲೂ ಸರಿಹೋಗದಿದ್ದರೆ ಇಬ್ಬರೂ ಒಟ್ಟಿಗೆ ವೈದ್ಯರನ್ನು ಕಾಣಿ.

ಪ್ರಶ್ನೆ: ನನ್ನ ಯಜಮಾನರಿಗೆ 58 ವರ್ಷ. ಸ್ಟೆಂಟ್ ಹಾಕಿದ್ದಾರೆ. ಎದೆ ಹಿಡಿದಾಗ ನಾಲಿಗೆ ಕೆಳಗೆ ಇಡಲು ಸಾರ್ಬಿಟ್ರೇಟ್ ಕೊಟ್ಟಿದ್ದಾರೆ. ಈಗ ಜಾಹೀರಾತು ನೋಡಿ ‘ಶಕ್ತಿ’ ಕ್ಯಾಪ್ಸೂಲ್ ತರಿಸಿದ್ದಾರೆ. ಗಿಡಮೂಲಿಕೆ ಅಂತ ಬರೆದಿದೆ, ಏನೂ ಆಗಲ್ಲ ಅಂತಾರೆ. ನನಗೆ ಭಯ. (ಶಿವಮೊಗ್ಗ)

ಉತ್ತರ: ನಿಮ್ಮ ಭಯ ಸರಿಯಾಗಿಯೇ ಇದೆ. ಆ ಕ್ಯಾಪ್ಸೂಲನ್ನು ಇವತ್ತೇ ಎತ್ತಿಡಿ.

ವಯಾಗ್ರಾ ಹೆಸರಿನಲ್ಲಿ ಎಲ್ಲರಿಗೂ ಗೊತ್ತಿರುವ ಔಷಧಿ ಸಿಲ್ಡೆನಾಫಿಲ್. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿದ್ದ ಫೈಜರ್ ಪ್ರಯೋಗಾಲಯದಲ್ಲಿ ಇದು ಹುಟ್ಟಿದ್ದು ಎದೆನೋವಿನ ಔಷಧಿಯಾಗಿ. ಪ್ರಯೋಗಕ್ಕೆ ಬಂದ ಗಂಡಸರಲ್ಲಿ ಕಂಡ ಬೇರೆ ಪರಿಣಾಮ ಅದರ ದಾರಿ ಬದಲಿಸಿತು. 1998ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನೈಟ್ರಿಕ್ ಆಕ್ಸೈಡ್ ಸ್ನಾಯುವಿನೊಳಗೆ ಸೈಕ್ಲಿಕ್ ಜಿಎಂಪಿ ಎಂಬ ವಸ್ತುವನ್ನು ಹೆಚ್ಚಿಸುತ್ತದೆ. ಸಡಿಲ ಮಾಡುವ ನಿಜವಾದ ಕೆಲಸ ಅದರದ್ದು. ಪಿಡಿಇ-5 ಎಂಬ ಕಿಣ್ವ ಅದನ್ನು ಒಡೆದು ಹಾಕುತ್ತದೆ. ಸೋರುವ ತೊಟ್ಟಿಯ ತೂತು ಮುಚ್ಚಿದಂತೆ, ಸಿಲ್ಡೆನಾಫಿಲ್ ಈ ಕಿಣ್ವವನ್ನು ತಡೆಯುತ್ತದೆ ಅಷ್ಟೇ. ನಲ್ಲಿ ತಿರುಗಿಸುವುದಿಲ್ಲ. ಮನಸ್ಸಿನಲ್ಲಿ ಬಯಕೆಯೇ ಇಲ್ಲದಿದ್ದರೆ ಮಾತ್ರೆ ನುಂಗಿದರೂ ಏನೂ ಆಗದಿರುವುದು ಇದಕ್ಕೇ.

ಈಗ ಸಾರ್ಬಿಟ್ರೇಟ್ ನೋಡಿ. ಅದು ನೈಟ್ರೇಟ್ ಗುಂಪಿನ ಔಷಧಿ, ಮೈಯೆಲ್ಲದರ ರಕ್ತನಾಳಗಳಲ್ಲಿ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ. ಒಂದು ಕಡೆ ಸೈಕ್ಲಿಕ್ ಜಿಎಂಪಿ ಏರುತ್ತದೆ, ಇನ್ನೊಂದು ಕಡೆ ಅದು ಒಡೆಯುವುದೂ ನಿಂತಿರುತ್ತದೆ. ನಾಳಗಳೆಲ್ಲ ಒಮ್ಮೆಲೇ ಅಗಲವಾಗಿ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಸಿಲ್ಡೆನಾಫಿಲ್ ತೆಗೆದುಕೊಂಡ 24 ಗಂಟೆಯೊಳಗೆ, ಅದೇ ಗುಂಪಿನ ಟಡಾಲಾಫಿಲ್ ಆದರೆ 48 ಗಂಟೆಯೊಳಗೆ ನೈಟ್ರೇಟ್ ಕೊಡಬಾರದು ಎನ್ನುವುದು ಇದೇ ಕಾರಣಕ್ಕೆ.

‘ಗಿಡಮೂಲಿಕೆ’ ಎಂದು ಬರೆದ ಇಂಥ ಕ್ಯಾಪ್ಸೂಲುಗಳಲ್ಲಿ ಹೆಸರು ಹೇಳದೆ ಸಿಲ್ಡೆನಾಫಿಲ್ ಬೆರೆಸಿರುವುದು ಹಲವು ದೇಶಗಳ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಮೂಲಿಕೆಯ ಬಗ್ಗೆ ನನ್ನ ತಕರಾರಿಲ್ಲ. ಒಳಗೆ ಏನಿದೆ ಎಂದು ಹೇಳದೆ ಹೃದ್ರೋಗಿಗೆ ಮಾರುವುದು ಮಾತ್ರ ಅಪರಾಧ. ಯಜಮಾನರು ಈಗಾಗಲೇ ಒಂದು ನುಂಗಿದ್ದು ಎದೆನೋವು ಬಂದರೆ ಮನೆಯಲ್ಲಿ ಸಾರ್ಬಿಟ್ರೇಟ್ ಕೊಡದೆ ಕೂಡಲೇ 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಮೊದಲ ಮಾತೇ ಕ್ಯಾಪ್ಸೂಲಿನದ್ದಾಗಿರಲಿ, ಡಬ್ಬಿಯನ್ನೂ ತೋರಿಸಿ. ಅವರ ಆಸೆ ತಪ್ಪೇನಲ್ಲ. ಅದನ್ನು ಹೃದಯದ ವೈದ್ಯರ ಮುಂದೆಯೇ ಹೇಳಲಿ, ಅವರು ಸುರಕ್ಷಿತ ದಾರಿ ಹುಡುಕುತ್ತಾರೆ.

ಪ್ರಶ್ನೆ: ವಯಸ್ಸು 31. ಜಿಮ್‌ಗೆ ಹೋಗುತ್ತೇನೆ. ಸಂಜೆ ಲ್ಯಾಬ್‌ನಲ್ಲಿ ಮಾಡಿಸಿದ ಟೆಸ್ಟೋಸ್ಟೆರಾನ್ 280 ಬಂತು. ಟ್ರೈನರ್ ಇಂಜೆಕ್ಷನ್ ತಗೋ ಅಂತಾರೆ. ಮಗು ಬೇಕೆಂದು ಪ್ರಯತ್ನಿಸುತ್ತಿದ್ದೇವೆ, ಅದಕ್ಕೂ ಒಳ್ಳೇದಾಗುತ್ತೆ ಅಲ್ವಾ? (ಬೆಂಗಳೂರು)

ಉತ್ತರ: ಇಲ್ಲ. ಮಗು ಬೇಕಿದ್ದರೆ ಆ ಇಂಜೆಕ್ಷನ್ ಹತ್ತಿರಕ್ಕೂ ಹೋಗಬೇಡಿ. ಈ ಅಂಕಣದಲ್ಲಿ ನಾನು ತುಂಬಾ ಒತ್ತಿ ಹೇಳಬೇಕೆಂದಿರುವ ವಿಷಯ ಇದು.

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಎರಡು ಹಾರ್ಮೋನು ಕಳಿಸುತ್ತದೆ. ಎಲ್‌ಎಚ್ ಬಂದರೆ ಲೇಡಿಗ್ ಕಣಗಳು ಟೆಸ್ಟೋಸ್ಟೆರಾನ್ ತಯಾರಿಸುತ್ತವೆ. ಎಫ್‌ಎಸ್‌ಎಚ್ ಬಂದರೆ ಸರ್ಟೋಲಿ ಕಣಗಳು ವೀರ್ಯಾಣುಗಳನ್ನು ಸಾಕಿ ಬೆಳೆಸುತ್ತವೆ. ಇವೆರಡೂ ಬೇರೆ ಬೇರೆ ಎಂಬುದಕ್ಕೆ ನಮ್ಮ ಊರಿನದ್ದೇ ಸಾಕ್ಷಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಮತ್ತು ಅವರ ಸಂಗಡಿಗರು ಬಾನೆಟ್ ಮಂಗಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ನಮ್ಮ ಬೆಟ್ಟ, ದೇವಸ್ಥಾನಗಳ ಹತ್ತಿರ ಬಾಳೆಹಣ್ಣು ಕಿತ್ತುಕೊಳ್ಳುತ್ತವಲ್ಲ, ಅದೇ ಮಂಗ. ಗಂಡು ಮಂಗಗಳಲ್ಲಿ ಎಫ್‌ಎಸ್‌ಎಚ್ ವಿರುದ್ಧ ಪ್ರತಿಕಾಯ ಹುಟ್ಟುವಂತೆ ಮಾಡಿದಾಗ ವೀರ್ಯಾಣುಗಳ ಸಂಖ್ಯೆಯೂ ಗುಣವೂ ಬಿದ್ದುಹೋದವು. ಟೆಸ್ಟೋಸ್ಟೆರಾನ್ ಮಾತ್ರ ಇದ್ದಂತೆಯೇ ಇತ್ತು. ಗಂಡಸರಿಗೆ ಗರ್ಭನಿರೋಧಕ ಲಸಿಕೆ ಮಾಡಬಹುದೇ ಎಂದು ನಡೆದ ಸಂಶೋಧನೆ ಅದು.

ಹೊರಗಿನಿಂದ ಟೆಸ್ಟೋಸ್ಟೆರಾನ್ ಚುಚ್ಚಿದಾಗ ಏನಾಗುತ್ತದೆ? ರಕ್ತದಲ್ಲಿ ಸಾಕಷ್ಟಿದೆ ಎಂದು ಮೆದುಳು ತಿಳಿಯುತ್ತದೆ. ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ನಿಲ್ಲಿಸುತ್ತದೆ. ವೀರ್ಯಾಣು ಬೆಳೆಯಲು ವೃಷಣದೊಳಗೆ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಟೆಸ್ಟೋಸ್ಟೆರಾನ್ ಬೇಕು. ಆ ಒಳಗಿನ ತಯಾರಿಕೆಯೇ ನಿಂತುಹೋಗುತ್ತದೆ. ತೋಳು ದಪ್ಪಗಾಗುತ್ತದೆ, ವೃಷಣ ಸಣ್ಣಗಾಗುತ್ತದೆ, ವೀರ್ಯಾಣು ಶೂನ್ಯಕ್ಕೆ ಇಳಿಯಬಹುದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಗರ್ಭನಿರೋಧಕವಾಗಿಯೇ ಪರೀಕ್ಷಿಸಿತ್ತು. ಆರೋಗ್ಯವಂತರಾದ 271 ಗಂಡಸರಿಗೆ ವಾರಕ್ಕೆ 200 ಮಿಲಿಗ್ರಾಂ ಕೊಟ್ಟಾಗ 157 ಜನರಲ್ಲಿ ವೀರ್ಯಾಣು ಪೂರ್ತಿ ಇಲ್ಲವಾಯಿತು. 1990ರಲ್ಲಿ ಪ್ರಕಟವಾದ ಲೆಕ್ಕ ಇದು. ಮಗುವಿಗಾಗಿ ಕಾಯುತ್ತಿರುವವರಿಗೆ ‘ಶಕ್ತಿ’ ಎಂದು ಇದನ್ನೇ ಚುಚ್ಚುತ್ತಾರೆ ಎಂದು ಓದಿದಾಗ ನಿಜಕ್ಕೂ ಸಂಕಟವಾಗುತ್ತದೆ. ಇಂಜೆಕ್ಷನ್ ಬಿಟ್ಟ ಮೇಲೆ ಹೆಚ್ಚಿನವರಲ್ಲಿ ವೀರ್ಯಾಣು ಮರಳುತ್ತದೆ, ಆದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಕಾಯಬೇಕು.

ನಿಮ್ಮ 280ರ ಬಗ್ಗೆ. ಸಂಜೆಯ ಪರೀಕ್ಷೆ ನಂಬುವಂಥದ್ದಲ್ಲ. ಟೆಸ್ಟೋಸ್ಟೆರಾನ್ ಬೆಳಿಗ್ಗೆ ಜಾಸ್ತಿ, ಸಂಜೆ ಕಡಿಮೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ಮಾಡಿಸಿ. ಜ್ವರ, ನಿದ್ದೆಗೇಡು ಇದ್ದಾಗ ಬೇಡ. ನಿಜವಾಗಿಯೂ ಕಡಿಮೆ ಇದ್ದರೆ ವೀರ್ಯಾಣು ಕೆಡದಂತೆ ಟೆಸ್ಟೋಸ್ಟೆರಾನ್ ಏರಿಸುವ ಬೇರೆ ಔಷಧಿಗಳಿವೆ, ಅದನ್ನು ಹಾರ್ಮೋನು ತಜ್ಞರು (ಎಂಡೋಕ್ರೈನಾಲಜಿಸ್ಟ್) ತೀರ್ಮಾನಿಸಬೇಕು, ಟ್ರೈನರ್ ಅಲ್ಲ. ಮಗುವಿನ ವಿಷಯಕ್ಕೆ ಮೊದಲು ವೀರ್ಯ ಪರೀಕ್ಷೆ ಮಾಡಿಸಿ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಹಾಗಾಗಿ ಇವತ್ತು ಸಿಗರೇಟು ಬಿಟ್ಟರೂ ರಿಪೋರ್ಟ್‌ನಲ್ಲಿ ಬದಲಾವಣೆ ಕಾಣುವುದು ಎರಡು ಮೂರು ತಿಂಗಳ ನಂತರ.

ಪ್ರಶ್ನೆ: ನಾನು ವಿದ್ಯಾರ್ಥಿ, 22 ವರ್ಷ. ವಾರಕ್ಕೆ ಎರಡು ಸಲ ಸ್ವಪ್ನಸ್ಖಲನ ಆಗುತ್ತದೆ. ಒಂದು ಹನಿ ವೀರ್ಯಕ್ಕೆ ನೂರು ಹನಿ ರಕ್ತ ಬೇಕಂತೆ. ಸುಸ್ತು, ಓದಲು ಆಗುತ್ತಿಲ್ಲ. (ಕಲಬುರಗಿ)

ಉತ್ತರ: ಆ ಮಾತನ್ನು ಲೆಕ್ಕ ಹಾಕಿ ನೋಡೋಣ. ಒಂದು ಸಲಕ್ಕೆ ಹೋಗುವ ವೀರ್ಯ ಸುಮಾರು 3 ಮಿಲಿಲೀಟರ್, ಅಂದರೆ 60 ಹನಿ. ನೂರರಿಂದ ಗುಣಿಸಿದರೆ 6000 ಹನಿ, 300 ಮಿಲಿಲೀಟರ್ ರಕ್ತ. ರಕ್ತದಾನದಲ್ಲಿ ಒಂದು ಸಲಕ್ಕೆ ತೆಗೆಯುವುದು 350 ಮಿಲಿಲೀಟರ್. ವಾರಕ್ಕೆ ಎರಡು ಸಲ ಅಷ್ಟು ರಕ್ತ ಹೋಗಿದ್ದರೆ ನೀವು ಇಷ್ಟು ಹೊತ್ತಿಗೆ ಆಸ್ಪತ್ರೆಯಲ್ಲಿ ಇರಬೇಕಿತ್ತು.

ವೀರ್ಯ ರಕ್ತದಿಂದ ಬಟ್ಟಿ ಇಳಿದದ್ದಲ್ಲ. ಅದರಲ್ಲಿ ಮೂರನೇ ಎರಡು ಪಾಲು ವೀರ್ಯಕೋಶ ಎಂಬ ಗ್ರಂಥಿಗಳ ದ್ರವ, ಉಳಿದದ್ದರಲ್ಲಿ ಹೆಚ್ಚಿನದು ಪ್ರಾಸ್ಟೇಟ್ ಗ್ರಂಥಿಯದ್ದು. ವೀರ್ಯಾಣುಗಳ ಪಾಲು ತೀರಾ ಕಡಿಮೆ. ಅದರಲ್ಲಿರುವ ಸಕ್ಕರೆ ಫ್ರಕ್ಟೋಸ್, ಹಣ್ಣಿನಲ್ಲಿ ಸಿಗುವಂಥದ್ದೇ. 1940ರ ದಶಕದಲ್ಲಿ ಕೇಂಬ್ರಿಜ್‌ನ ಥ್ಯಾಡಿಯಸ್ ಮಾನ್ ಇದನ್ನು ಗುರುತಿಸಿದರು. ಜೊತೆಗೆ ಸ್ವಲ್ಪ ಸತು, ಸಿಟ್ರಿಕ್ ಆಮ್ಲ, ಪ್ರೋಟೀನು. ಒಂದು ಸ್ಖಲನದಲ್ಲಿ ಹೋಗುವ ಪ್ರೋಟೀನು ಒಂದು ಗ್ರಾಂ ಕೂಡ ಇಲ್ಲ. ಒಂದು ಚಮಚ ಬೇಳೆಯಲ್ಲಿ ಅದಕ್ಕಿಂತ ಜಾಸ್ತಿ ಇದೆ. ಸ್ವಪ್ನಸ್ಖಲನ ಈ ವಯಸ್ಸಿನಲ್ಲಿ ಸಹಜ, ಅದಕ್ಕೆ ಚಿಕಿತ್ಸೆ ಇಲ್ಲ, ಬೇಕಾಗಿಯೂ ಇಲ್ಲ.

ಆದರೆ ನಿಮ್ಮ ಸುಸ್ತು ಸುಳ್ಳಲ್ಲ. ವೀರ್ಯ ಹೋಗುತ್ತಿದೆ ಎಂಬ ಭಯದಿಂದಲೇ ಸುಸ್ತು, ಬೇಸರ, ಏಕಾಗ್ರತೆ ಇಲ್ಲದಿರುವುದು ಕಾಡುತ್ತವೆ. ಮನೋವೈದ್ಯ ಎನ್. ಎನ್. ವಿಗ್ 1960ರಲ್ಲೇ ಇದನ್ನು ಗುರುತಿಸಿ ಧಾತು ಸಿಂಡ್ರೋಮ್ ಎಂದು ಹೆಸರಿಟ್ಟರು. ಇದಕ್ಕೆ ಚಿಕಿತ್ಸೆ ಇದೆ, ಗುಣವಾಗುತ್ತದೆ. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆಯಿಂದಲೂ ಹೀಗೆ ಸುಸ್ತಾಗುತ್ತದೆ. ಎಲ್ಲವೂ ಸರಿಯಿದ್ದು ಮನಸ್ಸು ಕುಗ್ಗಿಯೇ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು.