ಓದುಗರ ಪ್ರಶ್ನೆ: ಹಳೆಯ ಅನಿಮೆಗೆ ಹೊಸ ಇಂಗ್ಲಿಷ್ ಡಬ್ಬಿಂಗ್ ಬಂದೀತೇ?

ಪ್ರ: ಜಪಾನಿ ಅನಿಮೇಷನ್ (ಅನಿಮೆ) ಸರಣಿ 'ಸೈಲರ್ ಮೂನ್'ಗೆ ಎರಡನೇ ಸಲ ಇಂಗ್ಲಿಷ್ ಡಬ್ಬಿಂಗ್ ಆಯಿತು. 'ಕಾರ್ಡ್‌ಕ್ಯಾಪ್ಟರ್ ಸಕುರಾ'ಗೂ ಆ ಭಾಗ್ಯ ಬರಬಹುದೇ?

ಉ: ಆಸೆ ಇಟ್ಟುಕೊಳ್ಳಿ, ಆದರೆ ಎರಡರ ಕಥೆ ಒಂದೇ ಅಲ್ಲ. 1995ರ 'ಸೈಲರ್ ಮೂನ್' ಡಬ್ಬಿಂಗ್‌ನಲ್ಲಿ ಮೊದಲ ಎರಡು ಸೀಸನ್‌ಗಳ 89 ಕಂತುಗಳು ಕತ್ತರಿಗೆ ಸಿಕ್ಕಿ 82 ಆದವು. ಮುಂದಿನ ಸೀಸನ್‌ನಲ್ಲಿ ಪ್ರೇಮಿಗಳಾದ ಯುರೇನಸ್, ನೆಪ್ಚೂನ್ ಎಂಬ ಎರಡು ಪಾತ್ರಗಳನ್ನು ಸೋದರಸಂಬಂಧಿಗಳೆಂದು ಬದಲಿಸಿಬಿಟ್ಟರು. ಕೊನೆಯ ಸೀಸನ್‌ನ 34 ಕಂತುಗಳಿಗಂತೂ ಇಂಗ್ಲಿಷ್ ದನಿಯೇ ಇರಲಿಲ್ಲ. ಹೀಗಾಗಿ 2014ರಲ್ಲಿ ಲೈಸೆನ್ಸ್ ಪಡೆದ ವಿಜ್ ಮೀಡಿಯಾಗೆ ಪೂರ್ತಿ 200 ಕಂತುಗಳನ್ನೂ ಹೊಸದಾಗಿ ಡಬ್ ಮಾಡಿಸಲು ಗಟ್ಟಿ ಕಾರಣವಿತ್ತು.

ಸಕುರಾಳ 70 ಕಂತುಗಳೂ ಉತ್ತರ ಅಮೆರಿಕದ ಟಿವಿಗೆ ಬರುವಾಗ 39ಕ್ಕೆ ಇಳಿದವು, ನಿಜ. ಆದರೆ ಏಷ್ಯಾದ ಅನಿಮ್ಯಾಕ್ಸ್ ವಾಹಿನಿಗಾಗಿ ಮಾಡಿದ ಇನ್ನೊಂದು ಪೂರ್ತಿ ಇಂಗ್ಲಿಷ್ ಡಬ್ ಇದೆ. 2014ರ ಬ್ಲೂ-ರೇಯಲ್ಲಿ ಅದನ್ನೇ ಕೊಟ್ಟರು. ಪೂರ್ತಿ ಡಬ್ ಕೈಯಲ್ಲಿರುವಾಗ ಇನ್ನೂ 70 ಕಂತುಗಳ ಖರ್ಚು ಹೊರಲು ಯಾವ ಕಂಪನಿಯಾದರೂ ಹಿಂದೆಮುಂದೆ ನೋಡುತ್ತದೆ. 2018ರ ಮುಂದುವರಿದ ಸರಣಿ 'ಕ್ಲಿಯರ್ ಕಾರ್ಡ್' ಬೇರೆ ಕಲಾವಿದರ ದನಿಯಲ್ಲಿ ಬಂದಮೇಲೆ ಹಳೆಯ ಸರಣಿಯೂ ಅದೇ ದನಿಯಲ್ಲಿ ಬೇಕೆನಿಸುವುದು ಸಹಜವೇ. ಆದರೆ ಲೆಕ್ಕಪತ್ರದ ಮುಂದೆ ಆ ವಾದ ನಿಲ್ಲುವುದು ಕಷ್ಟ.

ಪ್ರ: ಹಳೆಯ ಡಬ್‌ನ ಆಡಿಯೊವನ್ನೇ ಹೊಸ ಎಚ್‌ಡಿ ಚಿತ್ರಕ್ಕೆ ಜೋಡಿಸಿದರೆ ಸಾಲದೇ?

ಉ: ಕತ್ತರಿ ಆಡಿಸದ ಡಬ್ ಆದರೆ ಸಾಕು. ಕತ್ತರಿಸಿದ್ದಾದರೆ ಮರಳಿ ಸೇರಿಸಿದ ದೃಶ್ಯಗಳಿಗೆ ಇಂಗ್ಲಿಷ್ ಮಾತೇ ಇರುವುದಿಲ್ಲ. ನಡುನಡುವೆ ಪಾತ್ರಗಳು ಜಪಾನಿಗೆ ಜಾರುತ್ತವೆ. ಪ್ಯಾಲ್ ಎಂಬ, ಸೆಕೆಂಡಿಗೆ 25 ಚೌಕಟ್ಟಿನ ಹಳೆಯ ಟಿವಿ ಪದ್ಧತಿಯ ಟೇಪಿನಿಂದ ತೆಗೆದ ಆಡಿಯೊಗೆ ಇನ್ನೊಂದು ತೊಡಕು. ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು 25ರ ವೇಗದಲ್ಲಿ ಓಡಿಸಿರುವುದರಿಂದ 24 ನಿಮಿಷದ ಕಂತು ಸುಮಾರು 23 ನಿಮಿಷಕ್ಕೇ ಮುಗಿಯುತ್ತದೆ, ದನಿಯೂ ಅರ್ಧ ಸ್ವರಕ್ಕಿಂತ ತುಸು ಕಡಿಮೆ ಏರುತ್ತದೆ. ಆರಂಭದಲ್ಲಿ ಹೊಂದಿಸಿದ ತುಟಿ ಕೊನೆಗೆ ಒಂದು ನಿಮಿಷ ಹಿಂದೆ ಬಿದ್ದಿರುತ್ತದೆ. ಆಡಿಯೊವನ್ನು ಶೇ. 4ರಷ್ಟು ನಿಧಾನ ಮಾಡಿದರೆ ವೇಗ, ಶ್ರುತಿ ಎರಡೂ ಸರಿಹೋಗುತ್ತವೆ.

ಹೊಸ ಡಬ್‌ಗೆ ಇದಕ್ಕಿಂತ ದೊಡ್ಡ ಪ್ರಶ್ನೆ 'ಎಂ ಅಂಡ್ ಇ' ಟ್ರ್ಯಾಕ್, ಅಂದರೆ ಮಾತಿಲ್ಲದೆ ಸಂಗೀತ ಮತ್ತು ಸದ್ದು ಮಾತ್ರ ಇರುವ ಪ್ರತಿ. ಅದು ಕಳೆದುಹೋಗಿದ್ದರೆ ಹೆಜ್ಜೆ ಸಪ್ಪಳ, ಮಳೆ, ಬಾಗಿಲು ಎಲ್ಲವನ್ನೂ ಮತ್ತೆ ಕಟ್ಟಬೇಕು. ಸಾಫ್ಟ್‌ವೇರ್‌ನಿಂದ ಮಾತು ಅಳಿಸಲು ಹೋದರೆ ಮಾತಿನ ಜೊತೆಗೆ ಗುಂಪಿನ ಗದ್ದಲವೂ ಹೋಗಿ, ಪ್ರತಿಧ್ವನಿಯ ಬಾಲ ಮಾತ್ರ ದೆವ್ವದಂತೆ ಉಳಿದುಬಿಡುತ್ತದೆ.

ಪ್ರ: ಹಳೆಯ ಡಬ್‌ಗಳಲ್ಲಿ ಮಾತು ಯಾಕಷ್ಟು ಕೃತಕ?

ಉ: ತುಟಿಗೆ ಹೊಂದಿಸುವ ಅವಸರ. ಟಿವಿ ಅನಿಮೆಯಲ್ಲಿ ಬಾಯಿಗೆ ಸಾಮಾನ್ಯವಾಗಿ ಮೂರೇ ಚಿತ್ರ: ಮುಚ್ಚಿದ್ದು, ಅರೆ ತೆರೆದದ್ದು, ತೆರೆದದ್ದು. ಆದ್ದರಿಂದ ಅಕ್ಷರಕ್ಕೆ ಅಕ್ಷರ ಹೊಂದಬೇಕಿಲ್ಲ. ಮಾತು ಶುರುವಾಗುವ ಕ್ಷಣ, ನಡುವಿನ ನಿಲುಗಡೆ, ಮುಗಿಯುವ ಕ್ಷಣ ಕೂಡಿದರೆ ಸಾಕು. 'ಶೋ-ಓ-ಗ-ನ-ಇ' ಎಂಬ ಐದು ಮಾತ್ರೆಯ ಜಪಾನಿ ಮಾತನ್ನೇ ತೆಗೆದುಕೊಳ್ಳಿ. 'ಏನ್ ಮಾಡೋಕಾಗುತ್ತೆ' ಎಂಬ ಅರ್ಥ. ಡಬ್‌ಗಳಲ್ಲಿ ಇದಕ್ಕೆ ಸವೆದುಹೋದ ಸಾಲು 'ಇಟ್ ಕಾಂಟ್ ಬಿ ಹೆಲ್ಪ್ಡ್'. ಅಳತೆಗೆ ಕೂರುತ್ತದೆ, ಆದರೆ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. 'ನಥಿಂಗ್ ವಿ ಕೆನ್ ಡು' ಅಂದರೆ ಐದು ಮಾತ್ರೆಗೆ ಐದು ಉಚ್ಚಾರಾಂಶ, ಮಾತೂ ಜೀವಂತ. ಒಳ್ಳೆಯ ರೂಪಾಂತರಕಾರ ಮಾಡುವ ಕೆಲಸವೇ ಇದು.

ರೆಕಾರ್ಡಿಂಗ್‌ನಲ್ಲಿ ಮೂರು ಬೀಪ್ ಕೇಳಿಸಿ, ನಾಲ್ಕನೆಯದು ಬರಬೇಕಾದ ಜಾಗದಲ್ಲಿ ಕಲಾವಿದರು ಮಾತು ಎತ್ತುತ್ತಾರೆ. ಸಾಮಾನ್ಯವಾಗಿ ಒಬ್ಬೊಬ್ಬರೇ ಬೂತಿನಲ್ಲಿ. ಎದುರಿನವರ ಮಾತು ಕಿವಿಗೆ ಬೀಳದಿದ್ದರೆ ಜಗಳದ ದೃಶ್ಯ ಪಾಠ ಒಪ್ಪಿಸಿದಂತೆ ಕೇಳಿಸುತ್ತದೆ. 1988ರ 'ಅಕಿರಾ' ಇನ್ನೂ ಕಠಿಣ: ಅದರಲ್ಲಿ ದನಿ ಮೊದಲು, ಚಿತ್ರ ಆಮೇಲೆ. ಜಪಾನಿ ಉಚ್ಚಾರಕ್ಕೇ ಬಾಯಿ ಬರೆದಿರುವುದರಿಂದ ಬೇರೆ ಭಾಷೆ ಕೂರಿಸುವುದು ಸುಲಭವಲ್ಲ. ಅದಕ್ಕೂ 2001ರಲ್ಲಿ ಎರಡನೇ ಇಂಗ್ಲಿಷ್ ಡಬ್ ಬಂತು.

ಪ್ರ: ಹೊಸ ಡಬ್ ಬಂದರೆ ಹಳೆಯ ಕಲಾವಿದರೇ ಇರುತ್ತಾರೆಯೇ?

ಉ: ನಂಬಿ ಕೂರಬೇಡಿ. 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ 'ಇವಾಂಗೆಲಿಯನ್' ಪೂರ್ತಿ ಹೊಸ ತಂಡದ್ದು. ಅಲ್ಲಿ ಕೊನೆಯ ಹಾಡೂ ಬದಲಾಗಿದ್ದಕ್ಕೆ ಅಭಿಮಾನಿಗಳು ಕೆರಳಿದರು. ಸಂತೋಷದ ಅಪವಾದವೂ ಇದೆ: 2006ರ 'ಮ್ಯಾಕ್ರಾಸ್' ಇಂಗ್ಲಿಷ್ ಡಬ್‌ನಲ್ಲಿ ಮಿನ್ಮೇ ಪಾತ್ರಕ್ಕೆ ಜಪಾನಿ ಮೂಲದಲ್ಲಿ ದನಿ ಕೊಟ್ಟಿದ್ದ ಮಾರಿ ಈಜಿಮಾ ಅವರೇ ಮತ್ತೆ ಮಾತಾಡಿದರು.

ಪ್ರ: ಅಭಿಮಾನಿಗಳಾಗಿ ನಾವೇನು ಮಾಡಬಹುದು?

ಉ: ಜಪಾನಿನ ಸ್ಟುಡಿಯೊಗೆ ಪತ್ರ ಬರೆದು ಪ್ರಯೋಜನ ಕಡಿಮೆ. ಡಬ್ ಮಾಡಿಸುವುದು ನಿಮ್ಮ ಪ್ರದೇಶದ ಲೈಸೆನ್ಸ್ ಹಿಡಿದ ಕಂಪನಿ. ಅದರ ಹೆಸರು ಇತ್ತೀಚಿನ ಡಿಸ್ಕಿನ ಹಿಂಬದಿಯಲ್ಲಿರುತ್ತದೆ. ಆ ಕಂಪನಿಯ ಸಮೀಕ್ಷೆ ಬಂದಾಗ 'ಡಬ್ ಬೇಕು' ಎಂದಷ್ಟೇ ಬರೆಯದೆ ಯಾವ ಕಂತುಗಳು, ಕತ್ತರಿಯಿಲ್ಲದ್ದೇ, ಹಳೆಯ ಡಬ್ ಕೂಡ ಜೊತೆಗಿರಬೇಕೇ ಎಂದು ಬಿಡಿಸಿ ಹೇಳಿ. 'ಇವಾಂಗೆಲಿಯನ್'ನ 2021ರ ಸಂಗ್ರಾಹಕರ ಬ್ಲೂ-ರೇಯಲ್ಲಿ ಎರಡೂ ಡಬ್ ಸಿಕ್ಕವು. ಕೇಳಲು ಒಳ್ಳೆಯ ಪೂರ್ವನಿದರ್ಶನ. ಸಣ್ಣ ಮಾರುಕಟ್ಟೆಯ ಸರಣಿಗಳಿಗೆ ಕ್ರೌಡ್‌ಫಂಡಿಂಗ್ (ಜನರಿಂದಲೇ ಹಣ ಕೂಡಿಸುವ) ದಾರಿಯೂ ತೆರೆದಿದೆ. 'ಸ್ಕಿಪ್ ಬೀಟ್' ಮತ್ತು 'ಆರಿಯಾ' ಇಂಗ್ಲಿಷ್ ದನಿ ಪಡೆದದ್ದು ಕಿಕ್‌ಸ್ಟಾರ್ಟರ್ ಎಂಬ ಅಂಥ ತಾಣದಲ್ಲಿ ಕೂಡಿಸಿದ ಹಣದಿಂದಲೇ. ಹಣ ಹಾಕುವ ಮುನ್ನ ಒಂದನ್ನು ನೋಡಿ: ಅಭಿಯಾನ ನಡೆಸುವವರ ಕೈಯಲ್ಲಿ ಲೈಸೆನ್ಸ್ ಈಗಾಗಲೇ ಇದೆಯೇ? 'ಹಣ ಕೂಡಿದ ಮೇಲೆ ಮಾತಾಡುತ್ತೇವೆ' ಎನ್ನುವವರಿಂದ ದೂರವಿರಿ.