ಕೌನ್ಸಿಲ್ ಫ್ಲ್ಯಾಟ್ ಸಿಕ್ಕಿದೆ, ಒಳಗೆ ಏನೂ ಇಲ್ಲ, ಕೈಯಲ್ಲಿರುವುದು 800 ಪೌಂಡ್. ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು: ಇಂಗ್ಲೆಂಡ್‌ನಲ್ಲಿದ್ದೀರಿ, ಐಎಲ್‌ಆರ್ (ಇಲ್ಲಿ ಕಾಲಮಿತಿ ಇಲ್ಲದೆ ನೆಲೆಸುವ ಅನುಮತಿ) ಸಿಕ್ಕಿದೆ, ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ನೆರವು) ಬರುತ್ತಿದೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಬಾಡಿಗೆಗೆ ಕೊಟ್ಟ ನಾಲ್ಕನೇ ಮಹಡಿಯ ಎರಡು ಬೆಡ್‌ರೂಮಿನ ಫ್ಲ್ಯಾಟ್, ನೆಲಕ್ಕೆ ಕಾರ್ಪೆಟ್ ಕೂಡ ಇಲ್ಲ. ಸೋಫಾ ಮೊದಲೋ ಮಂಚ ಮೊದಲೋ ಎಂದು ಕೇಳಿದ್ದೀರಿ. ಎರಡೂ ಅಲ್ಲ. ಮೊದಲು ಅರ್ಜಿ, ಆಮೇಲೆ ಅಳತೆ, ಆಮೇಲೆ ನೆಲ, ಕೊನೆಗೆ ಸಾಮಾನು. ಈ ಕ್ರಮ ತಪ್ಪಿದರೆ ಅದೇ ಕೆಲಸಕ್ಕೆ ಎರಡು ಸಲ ದುಡ್ಡು ಸುರಿಯಬೇಕಾಗುತ್ತದೆ.

ಅರ್ಜಿ ಯಾಕೆ ಮೊದಲು ಅಂದರೆ, ನೀವು ಈಗಾಗಲೇ ಕೊಂಡ ಸಾಮಾನಿಗೆ ಸಹಾಯಧನ ಸಾಮಾನ್ಯವಾಗಿ ಸಿಗುವುದಿಲ್ಲ. ಫ್ರಿಜ್ ಕೊಂಡು ರಸೀದಿ ಹಿಡಿದು ಹೋದರೆ "ನಿಮಗೆ ಫ್ರಿಜ್ ಇದೆಯಲ್ಲ" ಎನ್ನುತ್ತಾರೆ. ಇಂಗ್ಲೆಂಡ್‌ನಲ್ಲಿ 2013ರ ಏಪ್ರಿಲ್‌ನಿಂದ ಈ ಸಹಾಯ ಆಯಾ ಕೌನ್ಸಿಲ್ ಕೈಯಲ್ಲಿದೆ. ಒಂದೊಂದು ಊರಲ್ಲಿ ಒಂದೊಂದು ಹೆಸರು. ನಿಮ್ಮ ಕೌನ್ಸಿಲ್ ಹೆಸರಿನ ಜೊತೆ "ಲೋಕಲ್ ವೆಲ್‌ಫೇರ್ ಅಸಿಸ್ಟೆನ್ಸ್" ಎಂದು ಹುಡುಕಿ, ಇಲ್ಲವೇ ಕೀ ಕೊಡುವ ಹೌಸಿಂಗ್ ಆಫೀಸರನ್ನೇ ಕೇಳಿ. ಹೆಚ್ಚಾಗಿ ನಗದು ಕೊಡುವುದಿಲ್ಲ. ಕುಕ್ಕರ್ (ಇಲ್ಲಿ ಹಾಗೆಂದರೆ ಓವನ್ ಇರುವ ಒಲೆ, ಪ್ರೆಷರ್ ಕುಕ್ಕರ್ ಅಲ್ಲ), ಫ್ರಿಜ್, ಮಂಚ ಮನೆಗೇ ಬರುತ್ತವೆ ಅಥವಾ ವೋಚರ್ ಸಿಗುತ್ತದೆ. ಅರ್ಜಿಯಲ್ಲಿ "ಮನೆ ಖಾಲಿ ಇದೆ" ಎಂದಷ್ಟೇ ಬರೆದರೆ ತೂಕ ಇರುವುದಿಲ್ಲ. "6 ಮತ್ತು 9 ವರ್ಷದ ಮಕ್ಕಳು ಕಾಂಕ್ರೀಟ್ ನೆಲದ ಮೇಲೆ ಮಲಗಬೇಕಾಗಿದೆ, ಬಿಸಿ ಅಡುಗೆಗೆ ದಾರಿಯಿಲ್ಲ" ಎಂದು ಇರುವ ಸ್ಥಿತಿಯನ್ನು ಇದ್ದ ಹಾಗೆ ಬರೆದು, ಒಂದೊಂದು ಸಾಮಾನಿನ ಪಕ್ಕದಲ್ಲೂ ಅದು ಯಾಕೆ ಬೇಕು ಎಂದು ಹೇಳಿ. ಅದೇ ದಿನ ಪೇಂಟ್ ವೋಚರ್ ಇದೆಯೇ ಎಂದೂ ಕೇಳಿ. ಕೆಲವು ಕೌನ್ಸಿಲ್‌ಗಳು ಹೊಸ ಬಾಡಿಗೆದಾರರಿಗೆ ಬಣ್ಣದ ಖರ್ಚಿಗೆಂದು ಏನಾದರೂ ಕೊಡುತ್ತವೆ, ಕೇಳದಿದ್ದರೆ ಹೇಳುವುದಿಲ್ಲ.

ಇನ್ನೊಂದು ದಾರಿ ಯೂನಿವರ್ಸಲ್ ಕ್ರೆಡಿಟ್‌ನ ಬಜೆಟಿಂಗ್ ಅಡ್ವಾನ್ಸ್. ಇದು ಸಾಲ, ಆದರೆ ಬಡ್ಡಿ ಇಲ್ಲ. ಮಕ್ಕಳಿರುವ ಕುಟುಂಬಕ್ಕೆ ಗರಿಷ್ಠ 812 ಪೌಂಡ್, ಮುಂದಿನ ಕಂತುಗಳಲ್ಲಿ 24 ತಿಂಗಳವರೆಗೆ ಮುರಿದುಕೊಳ್ಳುತ್ತಾರೆ. ಸಾಮಾನ್ಯವಾಗಿ ಆರು ತಿಂಗಳಿಂದ ಯೂನಿವರ್ಸಲ್ ಕ್ರೆಡಿಟ್ ಪಡೆಯುತ್ತಿರಬೇಕು, ದಂಪತಿಯ ದುಡಿಮೆ ಆ ಆರು ತಿಂಗಳಲ್ಲಿ 3,600 ಪೌಂಡ್‌ಗಿಂತ ಕಡಿಮೆ ಇರಬೇಕು, ಉಳಿತಾಯ 1,000 ದಾಟಿದರೆ ಮೊತ್ತ ಇಳಿಯುತ್ತದೆ. ಪೂರ್ತಿ 812 ತೆಗೆದುಕೊಳ್ಳಲೇಬೇಕೆಂದಿಲ್ಲ. ಕುಕ್ಕರ್‌ಗೆ 150 ಕಡಿಮೆ ಬಿದ್ದರೆ 150 ಮಾತ್ರ ಕೇಳಿ, ಪ್ರತಿ ತಿಂಗಳ ಕಡಿತ ಸಣ್ಣದಿರುತ್ತದೆ.

ಇದನ್ನು ಓದುವ ಬೇರೆ ಕನ್ನಡಿಗರಿಗೆ ಒಂದು ಮಾತು. ವೀಸಾದಲ್ಲಿ "ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್" (ಸರ್ಕಾರಿ ನೆರವು ಪಡೆಯುವಂತಿಲ್ಲ) ಎಂದಿದ್ದರೆ ಮೇಲಿನ ಎರಡಕ್ಕೂ ಅರ್ಜಿ ಹಾಕಬೇಡಿ. ವೀಸಾ ನಿಯಮ ಮುರಿದಂತಾಗುತ್ತದೆ. ಚಾರಿಟಿಗಳು ಕೊಡುವ ಗ್ರ್ಯಾಂಟ್ ಪಬ್ಲಿಕ್ ಫಂಡ್ ಅಲ್ಲ, ಅದನ್ನು ಪಡೆಯಬಹುದು. ಟರ್ನ್2ಅಸ್ ಜಾಲತಾಣದಲ್ಲಿ ಅಂಥವನ್ನು ಹುಡುಕುವ ಸಾಧನ ಇದೆ.

ವಾರಕ್ಕೆ ಇಷ್ಟು ಕಟ್ಟಿ ಸಾಮಾನು ಒಯ್ಯಿರಿ ಎನ್ನುವ ಅಂಗಡಿಗಳ ಕಡೆ ಮಾತ್ರ ತಿರುಗಿ ನೋಡಬೇಡಿ. 2019ರ ಏಪ್ರಿಲ್‌ನಲ್ಲಿ ಇವರ ಮೇಲೆ ಮಿತಿ ಬಂತು, ಆದರೆ ಆ ಮಿತಿಯೇ ಸಾಮಾನಿನ ಬೆಲೆಯಷ್ಟು ಸಾಲದ ಖರ್ಚು. ಅಂದರೆ 300ರ ವಾಷಿಂಗ್ ಮೆಷಿನ್‌ಗೆ 600 ಕಟ್ಟಿಸಿಕೊಂಡರೂ ಅದು ಕಾನೂನಿನೊಳಗೇ. ಸಾಲ ಬೇಕೇಬೇಕಾದರೆ ನಿಮ್ಮ ಪ್ರದೇಶದ ಕ್ರೆಡಿಟ್ ಯೂನಿಯನ್ (ಸದಸ್ಯರೇ ನಡೆಸುವ ಸಹಕಾರಿ ಸಾಲ ಸಂಘ) ವಾಸಿ. ಅಲ್ಲಿ ಬಡ್ಡಿ ತಿಂಗಳಿಗೆ ಶೇ. 3 ಮೀರುವಂತಿಲ್ಲ.

ಕೀ ಸಿಕ್ಕ ದಿನ ಮಾಡಬೇಕಾದ ಕೆಲಸ: ಗ್ಯಾಸ್ ಮತ್ತು ವಿದ್ಯುತ್ ಮೀಟರ್‌ಗಳ ಫೋಟೋ. ಪ್ರೀಪೇ ಮೀಟರ್ (ಮೊದಲೇ ಹಣ ತುಂಬಿ ಬಳಸುವಂಥದ್ದು) ಆಗಿದ್ದು, ಹಣ ತುಂಬುವ ಹಳೆಯ ಮೀಟರ್ ಕೀ ಅಲ್ಲೇ ಬಿದ್ದಿದ್ದರೆ ಅದಕ್ಕೆ ಟಾಪ್-ಅಪ್ ಮಾಡಬೇಡಿ. ಹಿಂದಿನವರ ಬಾಕಿ ಅದರಲ್ಲಿ ಇದ್ದರೆ ನಿಮ್ಮ ದುಡ್ಡು ಅದಕ್ಕೆ ಹೋಗುತ್ತದೆ. ಕಂಪನಿಗೆ ಫೋನ್ ಮಾಡಿ ಹೊಸ ಬಾಡಿಗೆದಾರರು ಎಂದು ಹೇಳಿ, ಹೊಸ ಕೀ ತರಿಸಿಕೊಳ್ಳಿ. ಗ್ಯಾಸ್ ಕೊಳವೆಯನ್ನು ಕ್ಯಾಪ್ ಮಾಡಿ ಮುಚ್ಚಿಟ್ಟಿರುವ ಸಾಧ್ಯತೆ ಹೆಚ್ಚು. ಮೀಟರ್‌ನಲ್ಲಿ ಹಣ ಹಾಕಿದ ಮೇಲೆಯೇ ಕೌನ್ಸಿಲ್‌ನ ಎಂಜಿನಿಯರ್ ಬಂದು ಪರೀಕ್ಷಿಸಿ ತೆರೆಯುತ್ತಾರೆ, ಆದ್ದರಿಂದ ಅದರ ಅಪಾಯಿಂಟ್‌ಮೆಂಟ್ ಅಂದೇ ಹಿಡಿಯಿರಿ.

ಈಗ ಅಳತೆ. ಕೋಣೆಗಳ ಜೊತೆಗೆ ಮುಂಬಾಗಿಲು, ಒಳಬಾಗಿಲು, ಹಾಲ್‌ನ ತಿರುವು, ಲಿಫ್ಟ್‌ನ ಒಳಗಿನ ಎತ್ತರ ಮತ್ತು ಆಳ, ಅಡುಗೆಮನೆಯಲ್ಲಿ ಕುಕ್ಕರ್‌ಗೆ ಬಿಟ್ಟ ಜಾಗ. ಇಲ್ಲಿನ ಸಾಮಾನ್ಯ ಒಳಬಾಗಿಲು 76 ಸೆಂ.ಮೀ. ಅಗಲ, ಹಾದುಹೋಗಲು ಸಿಗುವುದು ಅದಕ್ಕಿಂತ ಕಡಿಮೆ. ಸೋಫಾದ ಎತ್ತರ ಮತ್ತು ಆಳ ಇವೆರಡರಲ್ಲಿ ಯಾವುದು ಚಿಕ್ಕದೋ ಅದು ಇದರೊಳಗೆ ಬರಬೇಕು. ಕಾಲು ಬಿಚ್ಚಿ ಅಳೆಯಿರಿ. ಪುಕ್ಕಟೆ ಸಿಕ್ಕ ಸೋಫಾ ಲಿಫ್ಟ್‌ಗೂ ಹಿಡಿಸದೆ ಬಾಗಿಲಿಗೂ ಹಿಡಿಸದೆ ಹೊರಗೆ ಉಳಿದರೆ ವ್ಯಾನ್ ಬಾಡಿಗೆಯೂ ಹೋಯಿತು, ಅದನ್ನು ಎಸೆಯುವ ಖರ್ಚೂ ಬಂತು.

ನೆಲದ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಬೀರು, ಮಂಚ ಒಳಗೆ ಬಂದ ಮೇಲೆ ನೆಲ ಹಾಸುವುದು ಬಹಳ ಕಷ್ಟ. ಎರಡು ದಿನ ತಡವಾದರೂ ಮೊದಲು ನೆಲ ಮುಗಿಸಿ. ಹಾಸುವ ಮುನ್ನ ಕೆಳಗೆ ಏನಿದೆ ನೋಡಿ. 1950ರಿಂದ 80ರ ದಶಕದ ಕಟ್ಟಡಗಳಲ್ಲಿ ಕಂದು ಅಥವಾ ಕಪ್ಪು ಬಣ್ಣದ ಗಡಸು ಚೌಕದ ಟೈಲ್‌ಗಳು, ಅವುಗಳ ಕೆಳಗಿನ ಕಪ್ಪು ಅಂಟು, ಚಾವಣಿಯ ಗೀರುಗೀರಾದ ಆರ್ಟೆಕ್ಸ್ ಲೇಪ ಇವುಗಳಲ್ಲಿ ಆಸ್ಬೆಸ್ಟಾಸ್ (ಉಸಿರಿನಲ್ಲಿ ಒಳಹೋದರೆ ಅಪಾಯಕಾರಿಯಾದ ಖನಿಜ ನಾರು) ಇರಬಹುದು. ಕೆದಕದಿದ್ದರೆ ಅಪಾಯ ಕಡಿಮೆ. ಕೀಳುವುದು, ಉಜ್ಜುವುದು, ತೂತು ಕೊರೆಯುವುದು ಅಪಾಯ. ನಿಮ್ಮ ಫ್ಲ್ಯಾಟ್‌ನ ಆಸ್ಬೆಸ್ಟಾಸ್ ಮಾಹಿತಿ ಕೊಡಿ ಎಂದು ಕೌನ್ಸಿಲ್‌ಗೆ ಇಮೇಲ್ ಮಾಡಿ, ಉತ್ತರ ಬರುವವರೆಗೆ ಡ್ರಿಲ್ ಮುಟ್ಟಬೇಡಿ. ಮರದಂತೆ ಕಾಣುವ ಲ್ಯಾಮಿನೇಟ್ ಹಲಗೆಯ ನೆಲ ಚೆನ್ನಾಗಿರುತ್ತದೆ, ಆದರೆ ಮೇಲಿನ ಮಹಡಿಯ ಫ್ಲ್ಯಾಟ್‌ಗಳಲ್ಲಿ ಸದ್ದಿನ ಕಾರಣಕ್ಕೆ ಹಲವು ಕೌನ್ಸಿಲ್‌ಗಳು ಒಪ್ಪುವುದಿಲ್ಲ. ಬರಹದಲ್ಲಿ ಅನುಮತಿ ಸಿಗದೆ ಹಾಕಿದರೆ ಕಿತ್ತು ಹಾಕಿಸುತ್ತಾರೆ.

ನಿಮ್ಮ ಬಜೆಟ್‌ಗೆ ಸರಿಯಾದದ್ದು ಬೆಡ್‌ರೂಮ್‌ಗಳಿಗೆ ಆಫೀಸುಗಳಿಂದ ತೆಗೆದ ಹಳೆಯ ಕಾರ್ಪೆಟ್ ಟೈಲ್, ಅಡುಗೆಮನೆಗೆ ವಿನೈಲ್‌ನ (ಪ್ಲಾಸ್ಟಿಕ್ ನೆಲಹಾಸು) ರೋಲ್-ಎಂಡ್, ಅಂದರೆ ರೋಲ್‌ನ ಕೊನೆಯಲ್ಲಿ ಉಳಿದ ತುಂಡು. ಕಾರ್ಪೆಟ್ ಟೈಲ್ 50×50 ಸೆಂ.ಮೀ., ಚದರ ಮೀಟರ್‌ಗೆ ನಾಲ್ಕು. 3.1×3.6 ಮೀಟರ್ ಕೋಣೆಗೆ ಲೆಕ್ಕ ಹೀಗೆ: 6 ಸಾಲು ಗುಣಿಸು 7, ಒಟ್ಟು 42 ಇಡೀ ಟೈಲ್. ಎರಡು ಬದಿಯಲ್ಲಿ 10 ಸೆಂ.ಮೀ. ಪಟ್ಟಿ ಉಳಿಯುತ್ತದೆ. ಒಂದು ಟೈಲ್‌ನಿಂದ ಅಂಥ ಐದು ಪಟ್ಟಿ ಬರುವುದರಿಂದ ಮೂರು ಟೈಲ್ ಸಾಕು. ಕೆಟ್ಟದಾಗಿ ಕತ್ತರಿಸಿದ್ದಕ್ಕೆ, ಮುಂದೆ ಕಲೆಯಾದದ್ದನ್ನು ಬದಲಿಸಲಿಕ್ಕೆ ಎಂದು ಸೇರಿಸಿ 50 ತನ್ನಿ. ಸಣ್ಣ ಪಟ್ಟಿ ಬಾಗಿಲ ಬಳಿ ಬರದಂತೆ, ಬೀರುವಿನ ಅಡಿಗೆ ಹೋಗುವಂತೆ ಶುರು ಮಾಡಿ. ಓಡಾಡುವ ಜಾಗದಲ್ಲಿ ಪಟ್ಟಿ ಎದ್ದು ಬರುತ್ತದೆ. ಟೈಲ್‌ನ ಹಿಂದೆ ಬಾಣದ ಗುರುತು ಇರುತ್ತದೆ. ಒಂದು ಟೈಲ್ ನೆಟ್ಟಗೆ, ಪಕ್ಕದ್ದು ಕಾಲು ಸುತ್ತು ತಿರುಗಿಸಿ ಹಾಕಿದರೆ ಬೇರೆ ಬೇರೆ ಕಡೆ ಸವೆದ ಟೈಲ್‌ಗಳ ಬಣ್ಣದ ವ್ಯತ್ಯಾಸ ಕಾಣುವುದಿಲ್ಲ. ಹಿಂಬದಿಯಿಂದ, ಉಕ್ಕಿನ ಸ್ಕೇಲ್ ಒತ್ತಿ ಹಿಡಿದು, ಹೊಸ ಬ್ಲೇಡ್‌ನಲ್ಲಿ ಕತ್ತರಿಸಿ. ಅಂಟು ಬೇಡ, ಅಂಚಿಗೆ ಮತ್ತು ಬಾಗಿಲ ಬಳಿ ಡಬಲ್-ಸೈಡೆಡ್ ಟೇಪ್ ಸಾಕು.

ವಿನೈಲ್ 2, 3, 4 ಮೀಟರ್ ಅಗಲದಲ್ಲಿ ಬರುತ್ತದೆ. 2.4×2.8ರ ಅಡುಗೆಮನೆಗೆ 3 ಮೀಟರ್ ಅಗಲದ ರೋಲ್‌ನಲ್ಲಿ 2.5 ಮೀಟರ್ ಉದ್ದ ಸಾಕು, ನಡುವೆ ಜೋಡಣೆ ಬೀಳುವುದಿಲ್ಲ. ಒಂದು ದಿನ ಬಿಸಿ ಕೋಣೆಯಲ್ಲಿ ಹರವಿಟ್ಟು ಆಮೇಲೆ ಕತ್ತರಿಸಿ. ತಣ್ಣಗಿದ್ದಾಗ ಬಗ್ಗುವುದಿಲ್ಲ, ಸೀಳುತ್ತದೆ. ಅದರ ಮೇಲೆ ರಬ್ಬರ್ ತಳದ ಮ್ಯಾಟ್ ಹಾಕಬೇಡಿ, ಹೋಗದ ಹಳದಿ ಕಲೆ ಉಳಿಯುತ್ತದೆ. ಕಾರ್ಪೆಟ್ ದಪ್ಪಕ್ಕೆ ಬಾಗಿಲು ಉಜ್ಜಿದರೆ ನೀವಾಗಿ ಕೊಯ್ಯಬೇಡಿ. ಫ್ಲ್ಯಾಟ್‌ನ ಮುಂಬಾಗಿಲು, ಹಲವು ಸಲ ಒಳಬಾಗಿಲುಗಳೂ, ಬೆಂಕಿ ತಡೆಯುವ ಬಾಗಿಲುಗಳು. ಕೊಯ್ದರೆ ಆ ಗುಣ ಹೋಗುತ್ತದೆ.

ಹಣ ಹೀಗೆ ಹಂಚಿ: ಹಾಸಿಗೆಗಳಿಗೆ 270, ಕುಕ್ಕರ್, ಫ್ರಿಜ್, ವಾಷಿಂಗ್ ಮೆಷಿನ್‌ಗೆ 280, ನೆಲಕ್ಕೆ 150, ವ್ಯಾನ್‌ಗೆ 50, ಪರದೆ, ಬ್ಲೇಡ್, ಟೇಪ್, ಪ್ಲಗ್‌ಗಳಿಗೆ 50. ಸೋಫಾ, ಮಂಚ, ಊಟದ ಮೇಜು, ಬೀರುಗಳಿಗೆ ಸೊನ್ನೆ. ಇವನ್ನು ಜನ ಫ್ರೀಸೈಕಲ್, ಫ್ರೀಗಲ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಸುಮ್ಮನೆ ಕೊಡುತ್ತಾರೆ, ತಿಂಗಳ ಕೊನೆಯಲ್ಲಿ ಮನೆ ಖಾಲಿ ಮಾಡುವವರ ಹತ್ತಿರ ಹೆಚ್ಚು. ಮೂರು ನಾಲ್ಕು ಕಡೆಯದ್ದನ್ನು ಒಂದೇ ದಿನಕ್ಕೆ ಜೋಡಿಸಿ ಒಂದೇ ವ್ಯಾನ್‌ನಲ್ಲಿ ತನ್ನಿ. ಸಹಾಯಧನದಲ್ಲಿ ಕುಕ್ಕರ್ ಮನೆಗೇ ಬಂದರೆ ಆ ಉಳಿತಾಯವನ್ನು ಹಾಲ್‌ನ ನೆಲಕ್ಕೆ ಹಾಕಿ.

ಹಾಸಿಗೆ ಮಾತ್ರ ಹೊಸದೇ ಇರಲಿ. ಹಳೆಯ ಹಾಸಿಗೆಯ ಹೊಲಿಗೆಯ ಸಂದಿಯಲ್ಲಿ ತಿಗಣೆ ಬಂದರೆ ಅದನ್ನು ಓಡಿಸುವ ಖರ್ಚಿನಲ್ಲಿ ಹಲವು ಹೊಸ ಹಾಸಿಗೆ ಬರುತ್ತವೆ. ಪುಕ್ಕಟೆ ಮಂಚದಲ್ಲೂ ಸ್ಕ್ರೂ ತೂತು, ಹಲಗೆಯ ಸಂದುಗಳನ್ನು ಟಾರ್ಚ್ ಬಿಟ್ಟು ನೋಡಿ; ಕಪ್ಪು ಚುಕ್ಕೆಗಳಿದ್ದರೆ ಬಿಟ್ಟುಬನ್ನಿ. ಅಳತೆಯಲ್ಲೂ ಒಂದು ಬಲೆ ಇದೆ. ಬ್ರಿಟನ್ನಿನ ಸಿಂಗಲ್ 90×190, ಡಬಲ್ 135×190 ಸೆಂ.ಮೀ. ಐಕಿಯಾ ಮಂಚಗಳು 90×200, 140×200. ಮಾರುಕಟ್ಟೆಯಲ್ಲಿ ಪುಕ್ಕಟೆ ಸಿಗುವ ಮಂಚಗಳಲ್ಲಿ ಐಕಿಯಾದವು ಬಹಳ, ಅದಕ್ಕೆ ಬೇರೆ ಅಂಗಡಿಯ ಹಾಸಿಗೆ ತಂದರೆ ಕಾಲಬುಡದಲ್ಲಿ 10 ಸೆಂ.ಮೀ. ಖಾಲಿ ಬೀಳುತ್ತದೆ. ಮೊದಲು ಮಂಚ ಗೊತ್ತುಮಾಡಿಕೊಂಡು ಆಮೇಲೆ ಹಾಸಿಗೆ ಕೊಳ್ಳಿ.

ಸೋಫಾದ ಅಡಿಯಲ್ಲಿ ಅಥವಾ ಕುಶನ್ ಕೆಳಗೆ ಹೊಲಿದಿರುವ ಅಗ್ನಿಸುರಕ್ಷತಾ ಲೇಬಲ್ ನೋಡಿ. 1988ರ ನಿಯಮದ ಪ್ರಕಾರ ಅದು ಇರಬೇಕು; ಇಲ್ಲದ ಸೋಫಾವನ್ನು ಚಾರಿಟಿ ಅಂಗಡಿಗಳು ತೆಗೆದುಕೊಳ್ಳುವುದಿಲ್ಲ. ಅಂದರೆ ನಿಮಗೆ ಬೇಡವಾದ ದಿನ ಅದನ್ನು ದಾಟಿಸಲು ಆಗದೆ ದೊಡ್ಡ ಕಸದ ಶುಲ್ಕ ನೀವೇ ಕಟ್ಟಬೇಕು.

ವಿದ್ಯುತ್ ಸಾಮಾನುಗಳನ್ನು ಬೀದಿಬದಿಯ ಮಾರಾಟಗಾರರಿಗಿಂತ ಬ್ರಿಟಿಷ್ ಹಾರ್ಟ್ ಫೌಂಡೇಶನ್‌ನ ಫರ್ನಿಚರ್ ಮತ್ತು ಎಲೆಕ್ಟ್ರಿಕಲ್ ಅಂಗಡಿ, ಎಮ್ಮಾಯಸ್ (Emmaus) ಅಥವಾ ರೀಯೂಸ್ ನೆಟ್‌ವರ್ಕ್‌ನ ಸಂಸ್ಥೆಗಳಲ್ಲಿ ಕೊಳ್ಳಿ, ಪರೀಕ್ಷೆ ಮಾಡಿ ಮಾರುತ್ತಾರೆ. ಬೆನಿಫಿಟ್ ಪತ್ರ ತೋರಿಸಿದರೆ ಕೆಲವು ಕಡೆ ರಿಯಾಯಿತಿಯೂ ಇದೆ. ಕುಕ್ಕರ್ ಜಾಗ 50 ಸೆಂ.ಮೀ. ಇದೆಯೋ 60 ಇದೆಯೋ ನೋಡಿಕೊಳ್ಳಿ. ಗ್ಯಾಸ್ ಕುಕ್ಕರ್ ಜೋಡಿಸುವವರು ಗ್ಯಾಸ್ ಸೇಫ್ (ಗ್ಯಾಸ್ ಕೆಲಸದವರ ಅಧಿಕೃತ ನೋಂದಣಿ) ಕಾರ್ಡ್ ಇರುವವರೇ ಆಗಬೇಕು. ದೊಡ್ಡ ಎಲೆಕ್ಟ್ರಿಕ್ ಕುಕ್ಕರನ್ನು ಸಾಮಾನ್ಯ 13 ಆಂಪಿಯರ್ ಪ್ಲಗ್‌ಗೆ ಹಾಕುವಂತಿಲ್ಲ, ಗೋಡೆಯ ಕುಕ್ಕರ್ ಪಾಯಿಂಟ್‌ಗೆ ನೇರ ಜೋಡಿಸಬೇಕು. ಈ ಜೋಡಣೆಯ ಖರ್ಚನ್ನೂ ಸಹಾಯಧನದ ಅರ್ಜಿಯಲ್ಲಿ ಸೇರಿಸಿ ಕೇಳಿ.

ನಮ್ಮವರಿಗೆ ಇಲ್ಲಿ ಇನ್ನೊಂದು ತೊಡಕು. ಗಾಜಿನ ಮೇಲ್ಮೈಯ ಸೆರಾಮಿಕ್ ಹಾಬ್ ಮತ್ತು ಇಂಡಕ್ಷನ್ ನೋಡಲು ಒಂದೇ ಥರ. ಊರಿಂದ ತಂದ ಅಲ್ಯೂಮಿನಿಯಂ ಪ್ರೆಷರ್ ಕುಕ್ಕರ್, ದೋಸೆ ಕಾವಲಿ ಸೆರಾಮಿಕ್ ಮೇಲೆ ಬಿಸಿಯಾಗುತ್ತವೆ, ಇಂಡಕ್ಷನ್ ಮೇಲೆ ಆಗುವುದಿಲ್ಲ. ತಳಕ್ಕೆ ಆಯಸ್ಕಾಂತ ಅಂಟಿದರೆ ಮಾತ್ರ ಇಂಡಕ್ಷನ್‌ಗೆ ನಡೆಯುತ್ತದೆ. ಕಬ್ಬಿಣದ ಕಾವಲಿಗೆ ತೊಂದರೆಯಿಲ್ಲ. ಊರಿನ ಮಿಕ್ಸಿ ಇಲ್ಲೂ ಓಡುತ್ತದೆ, ಎರಡೂ ಕಡೆ 230 ವೋಲ್ಟ್, 50 ಹರ್ಟ್ಸ್. ದಿನಾ ರುಬ್ಬಲು ಪ್ರಯಾಣದ ಅಡಾಪ್ಟರ್ ನೆಚ್ಚಬೇಡಿ, ಸಡಿಲಾಗಿ ಬಿಸಿಯೇರುತ್ತದೆ. ತಿಳಿದವರಿಂದ ಇಲ್ಲಿನ ಮೂರು ಪಿನ್ ಪ್ಲಗ್ ಹಾಕಿಸಿ. 750 ವ್ಯಾಟ್ ಮಿಕ್ಸಿಗೆ 3 ಆಂಪಿಯರ್ ಫ್ಯೂಸ್ ಸಾಲದು, 5 ಇರಲಿ.

ವಾಷಿಂಗ್ ಮೆಷಿನ್‌ನ ಹಿಂದೆ ಟ್ರಾನ್ಸಿಟ್ ಬೋಲ್ಟ್ (ಸಾಗಿಸುವಾಗ ಡ್ರಮ್ ಅಲುಗದಂತೆ ಹಾಕಿದವು) ಇವೆಯೇ ನೋಡಿ, ಇದ್ದರೆ ಬಿಚ್ಚಿ. ಬಿಚ್ಚದೆ ಓಡಿಸಿದರೆ ಯಂತ್ರ ಜಾಗ ಬಿಟ್ಟು ಕುಣಿಯುತ್ತದೆ, ಒಳಭಾಗ ಹಾಳಾಗುತ್ತದೆ. ನೀರಿನ ಕೊಳವೆ ಹೊಸದೇ ಹಾಕಿ. ನಾಲ್ಕನೇ ಮಹಡಿಯಿಂದ ನೀರು ಕೆಳಗಿನ ಮನೆಗೆ ಸೋರಿದರೆ ಆ ಖರ್ಚು ನಿಮ್ಮ ಮೇಲೆ ಬರಬಹುದು.

ಪರದೆಗೆ: ಕಿಟಕಿಯ ಮೇಲಿನ ಗೋಡೆಯೊಳಗೆ ಕಾಂಕ್ರೀಟ್ ಲಿಂಟೆಲ್ ಇರುವುದರಿಂದ ಸಾಮಾನ್ಯ ಡ್ರಿಲ್ ಅರ್ಧ ಇಂಚಿಗೇ ನಿಲ್ಲುತ್ತದೆ. ಕಿಟಕಿಗಿಂತ ಎರಡೂ ಕಡೆ 30 ಸೆಂ.ಮೀ. ಉದ್ದದ ಮರದ ಪಟ್ಟಿ ತಂದು, ಲಿಂಟೆಲ್ ದಾಟಿದ ಎರಡು ತುದಿಗಳಲ್ಲಿ ಸ್ಕ್ರೂ ಹೊಡೆದು, ನಡುವೆ ಗ್ರ್ಯಾಬ್ ಅಂಟು ಹಾಕಿ. ಪರದೆಯ ಕಂಬಿಯನ್ನು ಆ ಪಟ್ಟಿಗೆ ಕೂಡಿಸಿ. ಪ್ಲಾಸ್ಟಿಕ್ ಕಿಟಕಿ ಚೌಕಟ್ಟಿಗೆ ಮಾತ್ರ ತೂತು ಹಾಕಬೇಡಿ.

ಸಾಮಾನು ಜೋಡಿಸುವಾಗ ಬೀರು, ಮಂಚ, ಸೋಫಾಗಳನ್ನು ಹೊರಗೋಡೆಯಿಂದ 5 ಸೆಂ.ಮೀ. ಬಿಟ್ಟು ಇಡಿ. ಪ್ರೆಷರ್ ಕುಕ್ಕರ್ ಸೀಟಿಯ ಹಬೆ, ಒಳಗೆ ಒಣಹಾಕಿದ ಬಟ್ಟೆಯ ತೇವ ತಣ್ಣನೆಯ ಗೋಡೆಗೆ ನೀರಾಗಿ ಕೂರುತ್ತದೆ. ಗಾಳಿಯಾಡದಿದ್ದರೆ ಒಂದೇ ಚಳಿಗಾಲದಲ್ಲಿ ಬೀರುವಿನ ಬೆನ್ನಿಗೂ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಮಕ್ಕಳ ಕೋಣೆಯ ಎತ್ತರದ ಬೀರು, ಡ್ರಾಯರ್‌ಗಳನ್ನು ಪಟ್ಟಿ ಹಾಕಿ ಗೋಡೆಗೆ ಬಿಗಿಯಿರಿ. ಮತ್ತು ಬಾಡಿಗೆಯ ಜೊತೆಗೇ ಕಟ್ಟಬಹುದಾದ ಕಂಟೆಂಟ್ಸ್ ಇನ್ಶೂರೆನ್ಸ್ ಇದೆಯೇ ಎಂದು ಹೌಸಿಂಗ್ ಆಫೀಸರನ್ನು ಕೇಳಿ. ಕೌನ್ಸಿಲ್‌ನ ವಿಮೆ ಕಟ್ಟಡಕ್ಕೆ ಮಾತ್ರ, ಒಳಗಿನ ನಿಮ್ಮ ಸಾಮಾನಿಗಲ್ಲ.