ಮೆದು ಸ್ವಭಾವದ ಹುಡುಗರೂ ಕುಡಿತಕ್ಕೆ ಬೀಳುತ್ತಾರೆಯೇ?

ಪ್ರಶ್ನೆ: ನನ್ನ ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾನೆ. ಮೊದಲಿನಿಂದಲೂ ಬಹಳ ಸಂಕೋಚದವನು. ಮನೆಗೆ ನೆಂಟರು ಬಂದರೆ ಒಳಕೋಣೆ ಸೇರಿಬಿಡುತ್ತಿದ್ದ. ಈಗ ಶನಿವಾರ ಬಂತೆಂದರೆ ಗೆಳೆಯರೊಂದಿಗೆ ಕುಡಿಯುತ್ತಾನೆಂದು ಗೊತ್ತಾಗಿದೆ. ಕೇಳಿದರೆ ‘ಬರೀ ಬಿಯರ್ ಅಮ್ಮ’ ಎನ್ನುತ್ತಾನೆ. ರೂಮ್‌ಮೇಟ್ ಮಹಾ ಪುಂಡ. ಅವನೇ ಕೆಡಿಸಿರಬಹುದೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ರೂಮ್‌ಮೇಟ್ ಬಾಟಲಿ ತಂದಿಟ್ಟಿರಬಹುದು, ಆದರೆ ಇಬ್ಬರೂ ಒಂದೇ ಕಾರಣಕ್ಕೆ ಕುಡಿಯುತ್ತಿರಲಾರರು. ಕೆನಡಾದ ಮನಶ್ಶಾಸ್ತ್ರಜ್ಞೆ ಪೆಟ್ರೀಷಿಯಾ ಕಾನ್ರೊಡ್ ಮತ್ತು ಅವರ ಸಹೋದ್ಯೋಗಿಗಳು ಯುವಜನರ ಕುಡಿತಕ್ಕೆ ನಂಟಿರುವ ನಾಲ್ಕು ಗುಣಗಳನ್ನು ಗುರುತಿಸಿದ್ದಾರೆ: ಹಿಂದುಮುಂದು ನೋಡದ ದುಡುಕು, ಹೊಸ ರೋಮಾಂಚನದ ಹಂಬಲ, ಎದೆ ಸ್ವಲ್ಪ ಜೋರಾಗಿ ಬಡಿದರೂ ಏನೋ ಆಗಿಬಿಡುತ್ತದೆಂಬ ಆತಂಕ ಮತ್ತು ಮುಂದೆ ಒಳ್ಳೆಯದೇನೂ ಆಗದೆಂಬ ಹತಾಶೆ. ರೋಮಾಂಚನ ಬಯಸುವವರು ಹೆಚ್ಚಾಗಿ ಮೋಜಿಗೆ ಕುಡಿದರೆ, ಆತಂಕ, ಹತಾಶೆಗಳವರು ಆ ಸಂಕಟದಿಂದ ತಪ್ಪಿಸಿಕೊಳ್ಳಲು ಕುಡಿಯುತ್ತಾರೆ.

ಸಂಕೋಚದವರ ವಿಷಯ ಇನ್ನೂ ವಿಚಿತ್ರ. ಜನರ ನಡುವೆ ಹಿಂಜರಿಯುವ ಕಾಲೇಜು ವಿದ್ಯಾರ್ಥಿಗಳು ಒಟ್ಟಾರೆ ಇತರರಿಗಿಂತ ಕಡಿಮೆಯೇ ಕುಡಿಯುತ್ತಾರೆ, ಆದರೂ ಕುಡಿತದಿಂದಾಗುವ ತೊಂದರೆ ಅವರಲ್ಲೇ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಕಾರಣ ಊಹಿಸುವುದು ಕಷ್ಟವಲ್ಲ. ಸೆಮಿನಾರಿನಲ್ಲಿ ನಾಲ್ಕು ಮಾತಾಡಲು ನಾಲಿಗೆ ಒಣಗುವ ಹುಡುಗ ಒಂದು ಗ್ಲಾಸ್ ಇಳಿದ ಮೇಲೆ ನಗಿಸಲು ಶುರುಮಾಡಿದರೆ, ಮುಂದಿನ ಸಲ ನಾಲ್ಕು ಜನರೆದುರು ನಿಲ್ಲಬೇಕಾದಾಗಲೂ ಅವನಿಗೆ ಅದೇ ಗ್ಲಾಸ್ ನೆನಪಾಗುತ್ತದೆ. ಕುಡಿಯದೆ ಮಾತಾಡುವ ಅಭ್ಯಾಸ ಬೆಳೆಯುವುದೇ ಇಲ್ಲ. ಮರುದಿನ ‘ನಿನ್ನೆ ಏನೆಲ್ಲ ಅಂದುಬಿಟ್ಟೆನೋ’ ಎಂಬ ಕಳವಳ ಬೇರೆ. ಮೆದು ಹುಡುಗರು ಸುರಕ್ಷಿತರೆಂಬ ನಮ್ಮ ನಂಬಿಕೆಯೇ ಅವರ ಕಡೆ ನಮ್ಮ ಗಮನ ತಡವಾಗಿ ಹೋಗುವಂತೆ ಮಾಡುತ್ತದೆ ಎಂದು ನನಗನ್ನಿಸುತ್ತದೆ.

‘ಬರೀ ಬಿಯರ್’ ಎಂಬ ಮಾತಿಗೆ ಸಮಾಧಾನಪಡಬೇಡಿ. ಶೇ 8ರಷ್ಟು ಮದ್ಯಸಾರವಿರುವ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 41 ಗ್ರಾಂ ಮದ್ಯಸಾರ ಇರುತ್ತದೆ, ಹುಡುಗರು ‘ನೈಂಟಿ’ ಎನ್ನುವ 90 ಮಿ.ಲೀ. ವಿಸ್ಕಿಯಲ್ಲಿರುವುದು ಸುಮಾರು 30 ಗ್ರಾಂ.

ಹಾಗೆಂದು ಸ್ವಭಾವವೇ ಹಣೆಬರಹವಲ್ಲ. ಕಾನ್ರೊಡ್ ಅವರ ತಂಡ ಲಂಡನ್ನಿನ ಶಾಲೆಗಳಲ್ಲಿ ಮಕ್ಕಳ ಸ್ವಭಾವಕ್ಕೆ ಹೊಂದುವಂತೆ ತಲಾ 90 ನಿಮಿಷಗಳ ಎರಡೇ ತರಗತಿಗಳನ್ನು ಅಲ್ಲಿನ ಸಿಬ್ಬಂದಿಯಿಂದಲೇ ನಡೆಸಿತು. ಮುಂದಿನ ಎರಡು ವರ್ಷಗಳಲ್ಲಿ ಆ ಮಕ್ಕಳ ಕುಡಿತ ಇತರರಿಗಿಂತ ಕಡಿಮೆಯಿತ್ತೆಂದು 2013ರಲ್ಲಿ ವರದಿಯಾಯಿತು. ಆತಂಕದ ಮಗುವಿಗೂ ದುಡುಕಿನ ಮಗುವಿಗೂ ಒಂದೇ ಬುದ್ಧಿವಾದ ಹೇಳದಿದ್ದುದೇ ಅದರ ವಿಶೇಷ.

ನೀವೂ ‘ಎಷ್ಟು ಕುಡಿದೆ’ ಎಂದು ಲೆಕ್ಕ ಕೇಳುವ ಬದಲು, ಕುಡಿಯುವ ಮುಂಚೆ ಮನಸ್ಸು ಹೇಗಿತ್ತು, ಇಂಟರ್ನಲ್ಸ್, ವೈವಾಗಳ ಹಿಂದಿನ ದಿನವೂ ಬೇಕೆನಿಸುತ್ತದೆಯೇ, ಒಬ್ಬನೇ ಇದ್ದಾಗ ಕುಡಿದದ್ದುಂಟೇ ಎಂದು ಕೇಳಿ. ಹೌದೆಂದರೆ ಮೊದಲು ಚಿಕಿತ್ಸೆ ಬೇಕಿರುವುದು ಬಹುಶಃ ಆತಂಕಕ್ಕೆ, ಅದಕ್ಕೆ ಒಳ್ಳೆಯ ಆಪ್ತಸಮಾಲೋಚನೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು, ಎದುರಿಗೆ ಕೂರಲು ಹಿಂಜರಿಯುವವನಿಗೆ ಫೋನೇ ಸಲೀಸು. ರೂಮ್‌ಮೇಟ್‌ನಿಂದ ಮಾತು ಆರಂಭಿಸಬೇಡಿ. ಅವನನ್ನು ಬೈದರೆ ನಿಮ್ಮ ಮಗ ಗೆಳೆಯನ ಪರ ವಕಾಲತ್ತಿಗೆ ನಿಲ್ಲುತ್ತಾನೆ, ತನ್ನ ವಿಷಯ ಹೇಳುವುದಿಲ್ಲ.